ಹೊರಗೆ ಕೂತವರು

ಅಮೆರಿಕದಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಆಡುವ ಕಾಲೇಜು ಫುಟ್‌ಬಾಲಿನ ಆಯ್ಕೆ ಸಮಿತಿಯಲ್ಲಿ ಹದಿಮೂರು ಜನ. ಸೆಪ್ಟೆಂಬರಿನಿಂದ ನೂರಾರು ಕಾಲೇಜಿನ ಹುಡುಗರು ಒಬ್ಬರ ಮೂಳೆ ಒಬ್ಬರು ಮುರಿದುಕೊಂಡು ಆಡುತ್ತಾರೆ. ಡಿಸೆಂಬರಿನ ಮೊದಲ ಭಾನುವಾರ ಈ ಹದಿಮೂರು ಜನ ಡಲ್ಲಾಸ್ ವಿಮಾನ ನಿಲ್ದಾಣದ ಪಕ್ಕದ ಒಂದು ಹೋಟೆಲಿನಲ್ಲಿ ಬಾಗಿಲು ಹಾಕಿಕೊಂಡು ಕೂತು ನಾಲ್ಕು ತಂಡಗಳ ಹೆಸರು ಹೇಳುತ್ತಾರೆ. ದೇಶದ ಕಿರೀಟಕ್ಕಾಗಿ ಆಡುವುದು ಆ ನಾಲ್ಕೇ. ಐದನೆಯ ತಂಡ ಎಷ್ಟೇ ಗೆದ್ದಿರಲಿ, ಅದಕ್ಕೆ ಯಾವುದೋ ಊರಿನಲ್ಲಿ ಒಂದು ಸಮಾಧಾನದ ಪಂದ್ಯ, ಒಂದು ಟೀ ಶರ್ಟು, ಅಷ್ಟೇ. ಗೆದ್ದವರು ಯಾರು ಅಂತ ಮೈದಾನ ಹೇಳಬೇಕಲ್ಲ, ಹೋಟೆಲಿನ ಕೋಣೆ ಯಾಕೆ ಹೇಳಬೇಕು ಅಂತ ನೀವು ಕೇಳಬಹುದು. ಕೇಳಿದವರು ಬಹಳ ಜನ ಇದ್ದಾರೆ, ಉತ್ತರ ಕೊಟ್ಟವರನ್ನು ನಾನಂತೂ ಕಂಡಿಲ್ಲ.

ಸಮಿತಿ ಪಕ್ಷಪಾತ ಮಾಡುತ್ತದೆ ಅನ್ನುವ ಮಾತು ಬರಬಾರದೆಂದು ಅಲ್ಲಿ ಒಂದು ಕಟ್ಟಳೆ ಇತ್ತು. ಸದಸ್ಯನ ಸ್ವಂತ ಕಾಲೇಜಿನ ವಿಷಯ ಬಂದ ಕೂಡಲೇ ಅವನು ಎದ್ದು ಹೊರಗೆ ಹೋಗಬೇಕು. ಹೊರಗೆಂದರೆ ಸಭೆಯ ಕೋಣೆಗೆ ಅಂಟಿಕೊಂಡ ಕಿಟಕಿಯಿಲ್ಲದ ಒಂದು ಗೂಡು. ನಾಲ್ಕು ಕುರ್ಚಿ, ಒಂದು ಕಾಫಿ ಯಂತ್ರ, ಒಂದು ಪೆಟ್ಟಿಗೆ ಡೋನಟ್. ಫೋನು ಬೆಳಿಗ್ಗೆಯೇ ಬುಟ್ಟಿಗೆ ಹಾಕಿರಬೇಕು. ಒಳಗಿನವರಿಗೆ ಏನಾದರೂ ಅನುಮಾನ ಬಂದರೆ ಅವನನ್ನು ಕರೆದು ಪ್ರಶ್ನೆ ಕೇಳಬಹುದು. ಅವನು ಇದ್ದ ಸಂಗತಿ ಇದ್ದ ಹಾಗೆ ಹೇಳಿ ಮತ್ತೆ ಹೊರಗೆ ಬರಬೇಕು. ಪರ ವಹಿಸಿ ಒಂದಕ್ಷರವೂ ಆಡುವಂತಿಲ್ಲ.

ಆರಿನ್ ಹ್ಯಾಸ್ಕೆಟ್ ಮೂರು ವರ್ಷದಿಂದ ಈ ಸಮಿತಿಯಲ್ಲಿದ್ದ. ಎಪ್ಪತ್ತೊಂದು ವಯಸ್ಸು, ಕ್ಯಾನ್ಸಸ್ಸಿನವನು, ಅಲ್ಲಿನ ಕಾಲ್ಡರ್ ಸ್ಟೇಟ್ ಕಾಲೇಜಿಗೆ ಇಪ್ಪತ್ತಾರು ವರ್ಷ ಕೋಚ್ ಆಗಿದ್ದವನು. ಹೊರಗೆ ಕೂರುವುದರಲ್ಲಿ ಪಳಗಿದ್ದ. ಎಷ್ಟು ಹೊತ್ತು ಕೂರಿಸಿದರು ಎನ್ನುವುದರ ಮೇಲೆಯೇ ಅವನು ಒಳಗಿನ ಹವಾ ಹೇಳಬಲ್ಲವನಾಗಿದ್ದ. ವಾರವಾರದ ತಾತ್ಕಾಲಿಕ ಪಟ್ಟಿಗೆಂದು ಸೇರಿದ್ದ ಹೋದ ಮಂಗಳವಾರ ಏಳು ನಿಮಿಷ ಕೂತಿದ್ದ. ಕಾಲ್ಡರ್ ನಾಲ್ಕನೇ ಸ್ಥಾನದಲ್ಲಿ ಗಟ್ಟಿಯಾಗಿತ್ತು. ಈ ಭಾನುವಾರ ಬೆಳಿಗ್ಗೆ ಎಂಟಕ್ಕೆ ಹೊರಗೆ ಕಳಿಸಿದ್ದರು. ಈಗ ಎಂಟೂ ನಲವತ್ತು.

ಅದಕ್ಕಿಂತ ಕೆಟ್ಟ ಸೂಚನೆ ಇನ್ನೊಂದಿತ್ತು. ಅವನೊಬ್ಬನೇ ಹೊರಗೆ ಇರಲಿಲ್ಲ. ಎದುರಿನ ಕುರ್ಚಿಯಲ್ಲಿ ಲೊರೇನ್ ಫಾಂಟೆನೊ ಕೂತಿದ್ದಳು. ಲೂಯಿಸಿಯಾನಾದ ಟೆಲ್‌ಫೇರ್ ವಿಶ್ವವಿದ್ಯಾಲಯದ ಕ್ರೀಡಾ ವಿಭಾಗಕ್ಕೆ ಅವಳೇ ಯಜಮಾನಿ. ಅರವತ್ತರ ಹೆಂಗಸು, ಸಮಿತಿಗೆ ಹೊಸಬಳು, ಮಾತಿನಲ್ಲಿ ಚಾಟಿ. ಇಬ್ಬರನ್ನೂ ಒಟ್ಟಿಗೆ ಹೊರಗೆ ಕಳಿಸಿದ್ದಾರೆ ಅಂದರೆ ಒಳಗೆ ಎರಡು ಕಾಲೇಜನ್ನೂ ಎದುರುಬದುರು ಇಟ್ಟು ತೂಗುತ್ತಿದ್ದಾರೆ ಅಂತ ಅರ್ಥ. ಮೂರು ಹೆಸರು ಆಗಿಹೋಗಿವೆ. ನಾಲ್ಕನೆಯದು ಕಾಲ್ಡರೋ ಟೆಲ್‌ಫೇರೋ ಅನ್ನುವುದೊಂದೇ ಉಳಿದಿದೆ.

"ಕಾಫಿ ಕುಡೀರಿ ಕೋಚ್," ಅಂದಳು ಲೊರೇನ್. "ನಿಮ್ಮ ಮುಖ ನೋಡಿದ್ರೆ ಹಲ್ಲು ಕೀಳಿಸ್ಕೊಳೋಕೆ ಬಂದವರ ಥರ ಇದೆ."

"ನೀವು ಡಾಕ್ಟರ ಥರ ಕೂತಿದೀರಿ, ಅದಕ್ಕೆ."

"ಹದಿಮೂರಕ್ಕೆ ಹದಿಮೂರು ಗೆದ್ದವರು ನೀವು. ಒಂದು ಸೋತವರು ನಾವು. ಬೆವರಬೇಕಾದೋಳು ನಾನು. ನೀವ್ಯಾಕೆ ಕರ್ಚೀಫ್ ತೆಗೀತೀರಿ?"

ಹ್ಯಾಸ್ಕೆಟ್ ಕರ್ಚೀಫನ್ನು ಜೇಬಿಗೆ ತುರುಕಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಅಂತ ತನ್ನನ್ನೇ ಬೈದುಕೊಂಡ. ಅವನು ಯಾಕೆ ಬೆವರುತ್ತಿದ್ದನೆಂದು ಗೊತ್ತಾಗಬೇಕಾದರೆ ಅವತ್ತು ಬೆಳಿಗ್ಗೆ ತಿಂಡಿಯ ಹೊತ್ತಿಗೆ ಬಂದ ಫೋನಿನ ವಿಷಯ ಹೇಳಬೇಕು.

ಫೋನು ಮಾಡಿದ್ದು ಅವನ ಮಗಳು ಥೀಯಾ. ಕಾಲ್ಡರ್ ತಂಡದ ಹುಡುಗರ ಗಾಯ, ಉಳುಕು ನೋಡಿಕೊಳ್ಳುವುದು, ಪಂದ್ಯಕ್ಕೆ ಮೊದಲು ಪಟ್ಟಿ ಸುತ್ತುವುದು, ಯಾರು ಆಡಬಹುದು ಯಾರು ಆಡಬಾರದು ಅಂತ ಡಾಕ್ಟರ ಹತ್ತಿರ ಹೋಗಿ ಹೇಳುವುದು ಅವಳ ಕೆಲಸ.

"ಅಪ್ಪಾ, ಒಬ್ಬನೇ ಇದ್ದೀಯಾ?"

"ಎರಡು ಮೊಟ್ಟೆ ಜೊತೆ ಇದ್ದೀನಿ. ಏನಮ್ಮ?"

"ಟೇಟ್‌ದು ಭುಜ ಅಲ್ಲ. ಕತ್ತು."

ಟೇಟ್ ಲಿಂಡ್‌ಕ್ವಿಸ್ಟ್ ಕಾಲ್ಡರಿನ ಕ್ವಾರ್ಟರ್‌ಬ್ಯಾಕ್, ಚೆಂಡೆಸೆಯುವ ಹುಡುಗ. ಇಪ್ಪತ್ತೊಂದು ವರ್ಷ. ತಂಡದ ಆಟವೆಲ್ಲ ಅವನ ಬಲಗೈಯಿಂದ ಹೊರಡುತ್ತಿತ್ತು. ಹಿಂದಿನ ದಿನದ ಪಂದ್ಯದ ಕೊನೆಯಲ್ಲಿ ಇಬ್ಬರು ಅವನ ಮೇಲೆ ಬಿದ್ದಿದ್ದರು. ಎದ್ದ, ಕೈ ಕೊಡವಿಕೊಂಡ, ಗೆಲ್ಲಿಸಿಯೇ ಹೊರಗೆ ಬಂದ. ಕೋಚ್ ಗ್ಯಾರೆಟ್ ಸ್ಟ್ರೌಡ್ ಪತ್ರಿಕೆಯವರಿಗೆ "ಭುಜ ಸ್ವಲ್ಪ ಹಿಡ್ಕೊಂಡಿದೆ, ಐಸ್ ಇಟ್ಟರೆ ಸರಿಹೋಗುತ್ತೆ" ಅಂದಿದ್ದ. ಈ ಸ್ಟ್ರೌಡ್ ಒಂದು ಕಾಲಕ್ಕೆ ಹ್ಯಾಸ್ಕೆಟ್ಟನ ಕೈಕೆಳಗೆ ಆಡಿದವನು, ಅವನ ಶಿಷ್ಯ.

"ಬಲಗೈಲಿ ಮೂರು ಬೆರಳು ಅರ್ಧ ಗಂಟೆ ಮರಗಟ್ಟಿದ್ವು," ಅಂದಳು ಥೀಯಾ. "ರಾತ್ರಿ ಸ್ಕ್ಯಾನ್ ಮಾಡಿಸಿದ್ವಿ. ಮೂಳೇಲಿ ಕೂದಲೆಳೆ ಬಿರುಕಿದೆ. ನಮ್ಮ ಡಾಕ್ಟರು ಈ ವರ್ಷ ಹೆಲ್ಮೆಟ್ ಮುಟ್ಟೋ ಹಾಗಿಲ್ಲ ಅಂದ್ರು. ಇನ್ನೊಂದು ಏಟು ಬಿದ್ರೆ ಕೈ ಹೋಗಬಹುದು, ಕಾಲೂ ಹೋಗಬಹುದು. ಸ್ಟ್ರೌಡ್ ಮಧ್ಯಾಹ್ನ ಹನ್ನೆರಡರ ತನಕ ಯಾರೂ ಬಾಯಿ ಬಿಡಬೇಡಿ ಅಂತ ಹೇಳಿದಾನೆ. ನಾಲ್ಕರಲ್ಲಿ ಹೆಸರು ಬರಲಿ, ಆಮೇಲೆ ನೋಡೋಣ ಅಂತ."

"ಆಮೇಲೆ ಏನು ನೋಡ್ತಾನಂತೆ?"

"ಅದೇ ನನಗೆ ಭಯ ಅಪ್ಪಾ. ಹೆಸರು ಬರದಿದ್ರೆ ಟೇಟ್ ಮನೆಗೆ ಹೋಗಿ ಮಲಗ್ತಾನೆ, ಸಮಾಧಾನದ ಪಂದ್ಯಕ್ಕೆ ಯಾರೂ ಅವನನ್ನ ಎಬ್ಬಿಸಲ್ಲ. ಬಂದ್ರೆ, ಆಡಬಹುದು ಅಂತ ಹೇಳೋ ಡಾಕ್ಟರನ್ನ ಸ್ಟ್ರೌಡ್ ಎಲ್ಲಿಂದಾದ್ರೂ ಹುಡುಕ್ಕೊಂಡು ಬರ್ತಾನೆ. ನಿನಗೆ ಯಾಕೆ ಹೇಳಿದೆ ಅಂತ ನನಗೂ ಗೊತ್ತಿಲ್ಲ. ನೀನು ಹೇಗೂ ಹೊರಗೆ ಕೂತಿರ್ತೀಯ. ಯಾರಿಗಾದ್ರೂ ಗೊತ್ತಿರಲಿ ಅನ್ನಿಸ್ತು."

ಅವನು ಮೊಟ್ಟೆ ಬಿಟ್ಟು ಎದ್ದಿದ್ದ.

ಈಗ ಆ ಗೂಡಿನಲ್ಲಿ ಕೂತು ಅದನ್ನೇ ತಿರುವಿ ತಿರುವಿ ಹಾಕುತ್ತಿದ್ದ. ಹದಿಮೂರು ಪಂದ್ಯ ಗೆದ್ದದ್ದು ಸುಳ್ಳೇ? ಕತ್ತು ಬಿರುಕು ಬಿಟ್ಟಿದ್ದು ಹದಿಮೂರನೆಯದು ಗೆಲ್ಲುವಾಗ. ಗೆದ್ದ ಮೇಲೆ ಹುಡುಗನಿಗೆ ನೋವಾಯಿತು ಅಂತ ಗೆದ್ದದ್ದನ್ನು ಕಿತ್ತುಕೊಳ್ಳುವುದು ಯಾವ ಸೀಮೆಯ ನ್ಯಾಯ? ಆದರೆ ಸಮಿತಿ ಅದನ್ನೇ ಮಾಡುತ್ತದೆ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನೇ ಮಾಡಿದ್ದ.

"ಹೋದ ವರ್ಷ ನಮ್ಮ ಹುಡುಗನ ಮೊಣಕಾಲು ಹೋಯ್ತಲ್ಲ," ಅಂದಳು ಲೊರೇನ್, ಅವನ ತಲೆಯೊಳಗೆ ಇಣುಕಿ ನೋಡಿದವಳ ಹಾಗೆ. "ಆವತ್ತೇ ನಾವು ಇದ್ದದ್ದು ಇದ್ದ ಹಾಗೆ ಹೇಳಿದ್ವಿ. ಒಂದೂ ಸೋತಿರಲಿಲ್ಲ. ಈ ಸಮಿತಿ ಏನಂತು? 'ಈಗಿರೋ ತಂಡ ಆಗ ಗೆದ್ದ ತಂಡ ಅಲ್ಲ' ಅಂತು. ನಮ್ಮನ್ನ ಐದಕ್ಕೆ ಇಳಿಸಿದ್ರು. ನಮ್ಮೂರಲ್ಲಿ ಈಗಲೂ ನನ್ನನ್ನ ಏನಂತಾರೆ ಗೊತ್ತಾ? ನಿಜ ಹೇಳಿ ಮನೆ ಹಾಳು ಮಾಡಿದೋಳು ಅಂತಾರೆ."

"ಅದು ಕಷ್ಟದ ತೀರ್ಮಾನ ಆಗಿತ್ತು."

"ನೀವೂ ಕೈ ಎತ್ತಿದ್ರಂತೆ."

"ಒಳಗಿನ ಮಾತು ಹೊರಗೆ ಆಡಬಾರದಮ್ಮ."

"ಹಾಗಾದ್ರೆ ಎತ್ತಿದ್ರಿ." ಅವಳು ಡೋನಟ್ಟಿನ ಸಕ್ಕರೆಯನ್ನು ಲಂಗದಿಂದ ಕೊಡವಿದಳು. ಸಿಟ್ಟೇನೂ ಇರಲಿಲ್ಲ. "ಹೋಗಲಿ ಬಿಡಿ. ಆ ಹುಡುಗನಿಗೆ ಆಪರೇಷನ್ ಆಯ್ತು, ವರ್ಷ ಕೂತ. ಈಗ ಎರಡೂ ಕಾಲಲ್ಲಿ ಜಿಂಕೆ ಥರ ಓಡ್ತಾನೆ. ನಾನು ಬೈಸ್ಕೊಂಡಿದ್ದಕ್ಕೆ ಅಷ್ಟಾದ್ರೂ ಸಿಕ್ತು."

ಹ್ಯಾಸ್ಕೆಟ್ ಕಾಫಿ ಕುಡಿದ. ತಣ್ಣಗಾಗಿತ್ತು. ಅವನಿಗೆ ಈ ಹೆಂಗಸಿನ ಮೇಲೆ ಹೊಟ್ಟೆಕಿಚ್ಚಾಯಿತು, ಅದು ಯಾಕೆ ಅಂತ ಅವನಿಗೇ ಗೊತ್ತಾಗಲಿಲ್ಲ.

ಅವನೊಳಗೆ ಇಪ್ಪತ್ತೆಂಟು ವರ್ಷದ ಹಳೆಯ ಗಾಯ ಒಂದಿತ್ತು. ಆಗ ಈ ಸಮಿತಿಯೂ ಇರಲಿಲ್ಲ, ಪತ್ರಿಕೆಯವರು ಮತ ಹಾಕಿ ಚಾಂಪಿಯನ್ ಯಾರೆಂದು ಹೇಳುತ್ತಿದ್ದರು. ಅವನ ಕಾಲ್ಡರ್ ತಂಡ ಆ ವರ್ಷ ಒಂದೂ ಸೋಲಲಿಲ್ಲ. ಗೋಧಿ ಹೊಲದವರು ಗೋಧಿ ಹೊಲದವರ ಜೊತೆ ಆಡಿ ಗೆದ್ದಿದ್ದಾರೆ, ಅದೇನು ಮಹಾ, ಅಂದರು. ಮೂರನೇ ಸ್ಥಾನ ಕೊಟ್ಟು ಕೈ ತೊಳೆದುಕೊಂಡರು. ಬಸ್ಸಿನಲ್ಲಿ ವಾಪಸು ಬರುವಾಗ ನೂರಿಪ್ಪತ್ತು ಕಿಲೋದ ಹುಡುಗರು ಎಳೆಮಕ್ಕಳ ಹಾಗೆ ಅತ್ತಿದ್ದರು. ಹ್ಯಾಸ್ಕೆಟ್ ಡ್ರೈವರನ ಪಕ್ಕ ನಿಂತು ರಸ್ತೆ ನೋಡುತ್ತಿದ್ದ. ಆ ರಸ್ತೆ ಅವನಿಗೆ ಇವತ್ತಿಗೂ ಕನಸಿನಲ್ಲಿ ಬರುತ್ತದೆ.

ಆ ತಂಡವನ್ನು ಅವನು ಕಟ್ಟಿದ್ದು ಒಂದು ಪದ್ಧತಿಯಿಂದ. ಕ್ಯಾನ್ಸಸ್ಸಿನಲ್ಲಿ ಅದನ್ನು ತಿಳಿಯದವರಿಲ್ಲ. ಹುಡುಗನಿಗೆ ಪೆಟ್ಟಾದರೆ ಹ್ಯಾಸ್ಕೆಟ್ ಅವನ ಮುಂದೆ ನಿಂತು, "ಕೂತ್ಕೋ ಮಗಾ, ಇವತ್ತು ನೀನು ಆಡಬೇಡ" ಅನ್ನುತ್ತಿದ್ದ. ಹುಡುಗ "ನಿಂತೇ ಇರ್ತೀನಿ ಕೋಚ್" ಅನ್ನಬೇಕು. ಹೀಗೆ ಮೂರು ಸಲ. ಮೂರು ಸಲವೂ ನಿಂತೇ ಇರುತ್ತೇನೆ ಅಂದವನು ಮೈದಾನಕ್ಕೆ ಹೋಗುತ್ತಿದ್ದ. ಒಂದು ಸಲ ಕೂತವನು ಆ ವರ್ಷವೆಲ್ಲ ಕೂತೇ ಇರುತ್ತಿದ್ದ. ಈಗಲೂ ಕಾಲ್ಡರಿನ ಹುಡುಗರು ಬಟ್ಟೆ ಬದಲಿಸುವ ಕೋಣೆಯ ಗೋಡೆಯ ಮೇಲೆ ಆ ಮಾತನ್ನು ಅಡಿ ಎತ್ತರದ ಅಕ್ಷರದಲ್ಲಿ ಬರೆದಿದ್ದಾರೆ. ಊರಿನ ಹೋಟೆಲಿನಲ್ಲಿ ಬಡಿಸುವ ಹೆಂಗಸು ಗಿರಾಕಿಗೆ ಕೂತ್ಕೊಳ್ಳಿ ಅಂದರೆ, ಅವನು ನಿಂತೇ ಇರ್ತೀನಿ ಕೋಚ್ ಅಂತ ತಮಾಷೆ ಮಾಡುತ್ತಾನೆ. ಆಗ ಹಾಗೆ ನಿಂತವರಲ್ಲಿ ಒಬ್ಬ ಈಗ ಧಾನ್ಯದ ಗೋದಾಮಿನಲ್ಲಿ ಲೆಕ್ಕ ಬರೆಯುತ್ತಾನೆ. ನಲವತ್ತೊಂಬತ್ತು ವಯಸ್ಸಿಗೆ ಎರಡು ಕೋಲು ಹಿಡಿದು ನಡೆಯುತ್ತಾನೆ. ಹ್ಯಾಸ್ಕೆಟ್ ಎದುರಾದರೆ ಒಂದು ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಟೊಪ್ಪಿ ತೆಗೆಯುತ್ತಾನೆ. ಹ್ಯಾಸ್ಕೆಟ್ ಆ ಬೀದಿಗೆ ಹೋಗುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು.

ಒಂಬತ್ತೂ ಹತ್ತಕ್ಕೆ ಬಾಗಿಲು ತೆರೆಯಿತು. ಸಮಿತಿಯ ಕಾರ್ಯದರ್ಶಿ ತಲೆ ಹಾಕಿ, "ಕೋಚ್ ಹ್ಯಾಸ್ಕೆಟ್, ಒಂದೇ ಒಂದು ಪ್ರಶ್ನೆ ಇದೆಯಂತೆ. ಬರ್ತೀರಾ?" ಅಂದಳು.

ಅವನು ಎದ್ದ. ಲೊರೇನ್ ಕಾಲು ಹಿಂದಕ್ಕೆ ಎಳೆದುಕೊಂಡು ದಾರಿ ಬಿಟ್ಟಳು.

"ಹೋಗಿ ಬನ್ನಿ," ಅಂದಳು. "ನನ್ನ ಬಗ್ಗೆಯೂ ಒಂದು ಒಳ್ಳೇ ಮಾತು ಹೇಳಿ."

ಒಳಗೆ ಉದ್ದನೆಯ ಮೇಜಿನ ಸುತ್ತ ಹನ್ನೊಂದು ಜನ ಕೂತಿದ್ದರು. ಮೂರು ವರ್ಷದಿಂದ ಜೊತೆಯಲ್ಲಿ ಕೂತು ತಿಂದವರು. ಆದರೂ ಆ ಹೊತ್ತಿನಲ್ಲಿ ಒಬ್ಬರೂ ಪರಿಚಯದವರ ಹಾಗೆ ಕಾಣಲಿಲ್ಲ. ಗೋಡೆಯ ಪರದೆಯ ಮೇಲೆ ಎರಡು ಕಾಲಂ, ಎಡಕ್ಕೆ ಕಾಲ್ಡರ್, ಬಲಕ್ಕೆ ಟೆಲ್‌ಫೇರ್. ಗೆಲುವು, ಸೋಲು, ಯಾರ ಮೇಲೆ ಗೆದ್ದರು, ಎಷ್ಟರಿಂದ ಗೆದ್ದರು, ಎಲ್ಲ ತುಂಬಿತ್ತು. ಕಾಲ್ಡರಿನ ಕಾಲಂನಲ್ಲಿ ಕ್ವಾರ್ಟರ್‌ಬ್ಯಾಕ್ ಅನ್ನುವುದರ ಮುಂದೆ ಮಾತ್ರ ಖಾಲಿ ಬಿಟ್ಟಿದ್ದರು.

ಅಧ್ಯಕ್ಷ ಮೆರಿಲ್ ಓಡಮ್ ಕನ್ನಡಕ ತೆಗೆದಿಟ್ಟ. ದೊಡ್ಡ ಮೈಯ, ಸಣ್ಣ ದನಿಯ ಮನುಷ್ಯ.

"ಆರಿನ್, ತೊಂದರೆ ಕೊಟ್ವಿ, ಬೇಜಾರು ಮಾಡ್ಕೋಬೇಡಿ. ನಿನ್ನೆ ನಿಮ್ಮ ಹುಡುಗ ಬಿದ್ದದ್ದನ್ನ ನಾವು ಹದಿನೈದು ಸಲ ನೋಡಿದ್ವಿ. ಕೋಚ್ ಸ್ಟ್ರೌಡ್ ಭುಜ ಅಂತಾರೆ. ಜನವರಿ ಒಂದರ ಪಂದ್ಯದಲ್ಲಿ ಆಡ್ತಾನೆ ಅಂತಾರೆ. ನಿಮಗೆ ತಿಳಿದ ಮಟ್ಟಿಗೆ ಅದು ನಿಜನಾ? ಅಷ್ಟೇ ಪ್ರಶ್ನೆ."

ಹ್ಯಾಸ್ಕೆಟ್ ಕುರ್ಚಿಯ ಬೆನ್ನು ಹಿಡಿದು ನಿಂತ. ಅತ್ತ ದರಿ, ಇತ್ತ ಪುಲಿ. ಗೊತ್ತಿಲ್ಲ ಅನ್ನಬಹುದಿತ್ತು. ಆದರೆ ತಂಡದ ಗಾಯ ನೋಡಿಕೊಳ್ಳುವವಳು ಇವನ ಮಗಳು ಅಂತ ಅಲ್ಲಿ ಎಲ್ಲರಿಗೂ ಗೊತ್ತು. ಇವನು ಗೊತ್ತಿಲ್ಲ ಅಂದರೆ ಹನ್ನೊಂದು ಜನಕ್ಕೂ ಎಲ್ಲ ಗೊತ್ತಾದ ಹಾಗೆಯೇ. ಕತ್ತು ಅಂದುಬಿಟ್ಟರೆ ಮುಗಿಯಿತು. ಆ ಖಾಲಿ ಜಾಗದಲ್ಲಿ ಒಂದು ಅಡ್ಡಗೆರೆ ಬೀಳುತ್ತದೆ, ಹದಿಮೂರು ಗೆಲುವಿಗೆ ಬೆಲೆಯಿಲ್ಲ, ಇನ್ನೊಂದು ಬಸ್ಸು ಅಳುತ್ತಾ ಮನೆಗೆ ಹೋಗುತ್ತದೆ. ಹುಡುಗನ ಕತ್ತು ಉಳಿಯುತ್ತದೆ. ಅದೂ ಅವನ ಮನಸ್ಸಿಗೆ ಬಂತು, ಬರಲಿಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಕತ್ತಿನ ಹೊಣೆ ಆಮೇಲೆ ಹೊರಬಹುದು, ಸ್ಟ್ರೌಡ್ ತನ್ನ ಶಿಷ್ಯ ತಾನೆ, ಗದರಿಸಿ ಹುಡುಗನನ್ನು ಕೂರಿಸಿದರಾಯಿತು, ಎರಡನೇ ಹುಡುಗನನ್ನು ಆಡಿಸಿ ಸೋತರೂ ಸೋಲಲಿ, ಮೊದಲು ನ್ಯಾಯವಾಗಿ ಬರಬೇಕಾದ ಜಾಗ ಬರಲಿ ಅಂತ ಲೆಕ್ಕ ಹಾಕಿದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಕೇಳಬಾರದ ಪ್ರಶ್ನೆ ಕೇಳಿದವರಿಗೆ ನಿಜ ಹೇಳುವ ಸಾಲ ತನಗಿಲ್ಲ ಅಂತಲೂ ಅನ್ನಿಸಿತು.

"ಭುಜ ಅಂತಲೇ ನಾನೂ ಕೇಳಿದ್ದು," ಅಂದ. ಅಷ್ಟಕ್ಕೇ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. "ಕಾಲ್ಡರ್ ಹುಡುಗ ಅವನು, ಮೆರಿಲ್. ನಿಂತೇ ಇರ್ತಾನೆ."

ಮೇಜಿನ ಸುತ್ತ ನಗು ಎದ್ದಿತು. ಆ ಮಾತು ಅವರಿಗೆಲ್ಲ ಗೊತ್ತಿತ್ತು. ಯಾರೋ ಪೆನ್ನು ತೆಗೆದುಕೊಂಡರು. ಓಡಮ್ ಕನ್ನಡಕ ಹಾಕಿಕೊಂಡು ಥ್ಯಾಂಕ್ಸ್ ಹೇಳಿದ.

ಹೊರಗೆ ಬಂದಾಗ ಲೊರೇನ್ ಅವನ ಮುಖ ನೋಡಿದಳು. ಆಮೇಲೆ ಅವನ ಕೈ ನೋಡಿದಳು. ಅವನು ಕಾಫಿ ಸುರಿದುಕೊಳ್ಳಲು ಹೋಗಿ ಅರ್ಧ ಮೇಜಿನ ಮೇಲೆ ಚೆಲ್ಲಿದ್ದ.

"ಏನು ಕೇಳಿದ್ರು?"

"ಇದ್ದ ಸಂಗತಿ."

"ಏನು ಹೇಳಿದ್ರಿ?"

ಅವನು ಕಾಗದದ ಕರವಸ್ತ್ರದಿಂದ ಮೇಜು ಒರೆಸುತ್ತ ಕೂತ.

"ನಿಮ್ಮ ಮಗಳು ಅಲ್ವಾ ಕೋಚ್, ಅಲ್ಲಿ ಹುಡುಗರ ಗಾಯ ನೋಡ್ಕೊಳೋದು?"

"ಹೌದು."

"ಒಳ್ಳೇ ಕೆಲಸ," ಅಂದಳು. ಅಷ್ಟು ಹೊತ್ತು ತಮಾಷೆ ಮಾಡುತ್ತಿದ್ದವಳು ಅಷ್ಟಕ್ಕೇ ಬಾಯಿ ಮುಚ್ಚಿದ್ದು ಹ್ಯಾಸ್ಕೆಟ್ಟನಿಗೆ ಬೈಗುಳಕ್ಕಿಂತ ಕಷ್ಟವಾಯಿತು.

ಹತ್ತು ನಿಮಿಷ ಹೋಗಲಿಲ್ಲ, ಇಬ್ಬರನ್ನೂ ಒಳಗೆ ಕರೆದರು. ಖಾಲಿ ಜಾಗ ತುಂಬಿತ್ತು. ಕಾಲ್ಡರ್ ನಾಲ್ಕು, ಟೆಲ್‌ಫೇರ್ ಐದು. ಲೊರೇನ್ ಎಲ್ಲರ ಕೈ ಕುಲುಕಿದಳು. ಹ್ಯಾಸ್ಕೆಟ್ಟನ ಕೈಯನ್ನೂ ಕುಲುಕಿದಳು, ಆದರೆ ಅವನ ಕಣ್ಣು ನೋಡಲಿಲ್ಲ.

ಹನ್ನೆರಡಕ್ಕೆ ಟಿವಿಯಲ್ಲಿ ಪ್ರಕಟಣೆ. ಹೋಟೆಲಿನ ಮೊಗಸಾಲೆಯಲ್ಲಿ ದೊಡ್ಡ ಪರದೆ ಹಾಕಿದ್ದರು. ಸದಸ್ಯರು ತಟ್ಟೆ ಹಿಡಿದುಕೊಂಡು ಬಂದು ನಿಂತರು. ಮಾಂಸ, ಬೀನ್ಸು, ಜೋಳದ ಬ್ರೆಡ್ಡು ಇತ್ತು. ಹ್ಯಾಸ್ಕೆಟ್ ತಟ್ಟೆ ತೆಗೆದುಕೊಳ್ಳಲಿಲ್ಲ. ಮೊದಲ ಮೂರು ಹೆಸರು ಬಂದವು. ನಾಲ್ಕನೆಯದು ಬರುವ ಮುನ್ನ ಕಾಲ್ಡರಿನ ಒಳಾಂಗಣ ಕ್ರೀಡಾಂಗಣ ತೋರಿಸಿದರು. ಮೂರು ಸಾವಿರ ಜನ, ಎಲ್ಲರೂ ಹಳದಿ ಬಟ್ಟೆಯವರು, ಉಸಿರು ಹಿಡಿದು ಕೂತಿದ್ದರು. ಹೆಸರು ಬಂದದ್ದೇ ತಡ, ಇಡೀ ಕ್ರೀಡಾಂಗಣ ಎದ್ದು ನಿಂತಿತು. ಹ್ಯಾಸ್ಕೆಟ್ಟನ ಕಣ್ಣಲ್ಲಿ ನೀರು ಬಂತು. ಇಪ್ಪತ್ತೆಂಟು ವರ್ಷ ಕಾದದ್ದು ಬಂದಿತ್ತು, ಅವನಿಗೆ ಸಂತೋಷವಾಯಿತು. ಅದು ಒಂದು ನಿಮಿಷ ಇತ್ತು.

ಆಮೇಲೆ ಕ್ಯಾಮೆರಾ ಟೇಟ್ ಲಿಂಡ್‌ಕ್ವಿಸ್ಟನ ಹತ್ತಿರ ಹೋಯಿತು. ಆ ಜನಜಂಗುಳಿಯ ಸೆಕೆಯಲ್ಲೂ ಅವನು ಗಲ್ಲದ ತನಕ ಜಿಪ್ ಎಳೆದ ದಪ್ಪ ಜಾಕೆಟ್ ಹಾಕಿದ್ದ. ಎಡಗಡೆಯಿಂದ ಯಾರೋ ಕೂಗಿದರು. ಅವನು ತಲೆ ತಿರುಗಿಸಲಿಲ್ಲ. ಭುಜ, ಸೊಂಟ, ಕಾಲು, ಇಡೀ ಮೈಯನ್ನೇ ಎಡಕ್ಕೆ ತಿರುಗಿಸಿ ನಕ್ಕ. ಅವನ ಹಿಂದೆ ಥೀಯಾ ನಿಂತಿದ್ದಳು, ಕೈ ಕಟ್ಟಿಕೊಂಡು. ಅಷ್ಟು ಜನರಲ್ಲಿ ಚಪ್ಪಾಳೆ ತಟ್ಟದವಳು ಅವಳೊಬ್ಬಳೇ.

ಪರದೆಯ ಮೇಲೆ ಈಗ ಓಡಮ್ ಬಂದ. ಹೋಟೆಲಿನ ಹೊರಗೇ ನಿಂತು ಮಾತಾಡುತ್ತಿದ್ದ. ಕ್ವಾರ್ಟರ್‌ಬ್ಯಾಕ್ ವಿಷಯ ಏನು ಅಂತ ಟಿವಿಯವಳು ಕೇಳಿದಳು.

"ಅದೇ ನಮಗೂ ಚಿಂತೆ ಆಗಿತ್ತು," ಅಂದ ಓಡಮ್. "ಆದ್ರೆ ಆ ತಂಡವನ್ನ ತನ್ನ ಅಂಗೈ ಥರ ಬಲ್ಲ ಒಬ್ಬರು ನಮಗೆ ಭರವಸೆ ಕೊಟ್ಟಿದ್ದಾರೆ. ಹುಡುಗ ಆಡ್ತಾನೆ. ಅವನು ಆಡ್ತಾನೆ ಅನ್ನೋದರ ಮೇಲೇ ನಾವು ಈ ತೀರ್ಮಾನ ತಗೊಂಡಿದ್ದು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಒಬ್ಬರು ಯಾರೆಂದು ಊಹಿಸಲು ದೇಶದಲ್ಲಿ ಯಾರಿಗೂ ಎರಡು ನಿಮಿಷ ಬೇಕಿರಲಿಲ್ಲ. ಹ್ಯಾಸ್ಕೆಟ್ ಬುಟ್ಟಿಯಿಂದ ಫೋನು ತೆಗೆದುಕೊಂಡು ಮೂಲೆಗೆ ಹೋದ. ಆರು ಸಲ ಥೀಯಾ ಫೋನು ಮಾಡಿದ್ದಳು. ಅವನು ಕರೆ ಮಾಡಿದ.

"ನೀನು ಏನು ಹೇಳಿದೆ ಅಪ್ಪಾ?"

"ಕೇಳಮ್ಮ. ಜಾಗ ನಮ್ಮದು, ನ್ಯಾಯವಾಗಿ ನಮ್ಮದು. ಹುಡುಗ ಆಡಬೇಕಾಗಿಲ್ಲ. ನಾನು ಸ್ಟ್ರೌಡ್ ಹತ್ತಿರ ಮಾತಾಡ್ತೀನಿ."

"ಆಡಬೇಕಾಗಿಲ್ವಾ? ಅವನು ಆಡ್ತಾನೆ ಅಂತಲೇ ಜಾಗ ಕೊಟ್ಟಿದೀವಿ ಅಂತ ಈಗ ತಾನೇ ಟಿವಿಲಿ ಹೇಳಿದ್ರು. ಆಡದಿದ್ರೆ ನಾವು ಕದ್ದು ಒಳಗೆ ಬಂದ ಹಾಗೆ. ನೀನು ಸುಳ್ಳು ಹೇಳಿದ ಹಾಗೆ. ಇದನ್ನ ಟೇಟ್‌ಗೆ ಯಾರಾದ್ರೂ ಬಿಡಿಸಿ ಹೇಳಬೇಕಾ? ಸ್ಟ್ರೌಡ್ ಇನ್ನೊಂದು ಡಾಕ್ಟರಿಗೆ ಆಗಲೇ ಫೋನ್ ಹಚ್ಚಿದಾನೆ." ಅವಳ ದನಿ ಒಡೆಯಿತು. "ನಿನಗೆ ಹೇಳಿದ್ದು ನನ್ನದೇ ತಪ್ಪು."

"ಥೀಯಾ, ಟೇಟ್‌ಗೆ ಫೋನ್ ಕೊಡು. ನಾನೇ ಹೇಳ್ತೀನಿ. ನಾನು ಹೇಳಿದ್ರೆ ಕೇಳ್ತಾನೆ."

ಆ ಕಡೆ ಗದ್ದಲ. ಫೋನು ಕೈಯಿಂದ ಕೈಗೆ ಹೋಯಿತು. ಆಮೇಲೆ ಸ್ಟ್ರೌಡನ ದನಿ ಬಂತು, ಕುಡಿಯದೆಯೇ ಅಮಲೇರಿದವನ ದನಿ.

"ಕೋಚ್, ಏನು ಹೇಳಲಿ, ನಿಮ್ಮ ಋಣ ತೀರಿಸೋ ಹಾಗಿಲ್ಲ. ಒಂದು ನಿಮಿಷ ಇರಿ, ಫೋನನ್ನ ಮೈಕ್ ಹತ್ತಿರ ಇಡ್ತೀನಿ. ಎಲ್ಲರೂ ನಿಮ್ಮ ದನಿ ಕೇಳಲಿ."

"ಬೇಡ ಗ್ಯಾರೆಟ್, ಮೈಕ್ ಬೇಡ," ಅನ್ನುವಷ್ಟರಲ್ಲಿ ಪರದೆಯ ಮೇಲೆ ಮತ್ತೆ ಕಾಲ್ಡರ್ ಬಂದಿತ್ತು. ಟೇಟ್ ವೇದಿಕೆಯ ಮೇಲೆ ನಿಂತಿದ್ದ, ಸ್ಟ್ರೌಡ್ ಅವನ ಪಕ್ಕದಲ್ಲಿ ಫೋನು ಹಿಡಿದಿದ್ದ. ಹೋಟೆಲಿನ ಮೊಗಸಾಲೆಯಲ್ಲಿದ್ದ ಸದಸ್ಯರೆಲ್ಲ ಪರದೆಯನ್ನೂ ಮೂಲೆಯಲ್ಲಿದ್ದ ಹ್ಯಾಸ್ಕೆಟ್ಟನನ್ನೂ ಒಟ್ಟಿಗೆ ನೋಡಿ ನಕ್ಕರು. ಹೊರಗಿನಿಂದ ಬಂದ ಓಡಮ್ ಸೀದಾ ಇವನ ಹತ್ತಿರ ಬಂದು ಬೆನ್ನ ಮೇಲೆ ಕೈ ಇಟ್ಟು ನಿಂತ.

"ಕೋಚ್," ಅಂದ ಟೇಟ್. ಮೆತ್ತಗಿನ, ಮರ್ಯಾದೆಯ ದನಿ. "ನೀವು ನನ್ನ ಪರವಾಗಿ ಮಾತು ಕೊಟ್ರಂತೆ. ನೀವು ಅಂದ್ರೆ ಪ್ರಾಣ ಬಿಡ್ತಿದ್ದ ನಮ್ಮ ತಾತ ಇದ್ದಿದ್ರೆ ಕುಣಿದಾಡ್ತಿದ್ರು. ನಿಮ್ಮ ಮಾತು ಸುಳ್ಳಾಗೋಕೆ ನಾನು ಬಿಡಲ್ಲ."

"ಟೇಟ್, ಕೇಳಿಲ್ಲಿ," ಅಂದ ಹ್ಯಾಸ್ಕೆಟ್. "ಕೂತ್ಕೋ ಮಗಾ. ನೀನು ಆಡಬೇಡ."

ಆ ಕಡೆ ಮೂರು ಸಾವಿರ ಜನ ಒಟ್ಟಿಗೆ ಹೋ ಎಂದರು. ಗೋಡೆಯ ಮೇಲೆ ಬರೆದದ್ದನ್ನು ಬರೆಸಿದವನ ಬಾಯಿಂದಲೇ ಕೇಳಿದ ಖುಷಿ ಅದು. ಟೇಟನ ಮುಖ ಅರಳಿತು. ಹುಟ್ಟಿದಾಗಿನಿಂದ ಈ ಪ್ರಶ್ನೆಗೆ ಕಾದಿದ್ದವನ ಹಾಗೆ ನೆಟ್ಟಗೆ ನಿಂತ.

"ನಿಂತೇ ಇರ್ತೀನಿ ಕೋಚ್."

"ಇಲ್ಲ, ತಮಾಷೆ ಅಲ್ಲ, ನಿಜವಾಗಿ ಹೇಳ್ತಿದೀನಿ. ಕೂತ್ಕೋ."

"ನಿಂತೇ ಇರ್ತೀನಿ ಕೋಚ್." ಈ ಸಲ ಅವನ ಜೊತೆ ಮೊದಲ ಸಾಲಿನವರೂ ಹೇಳಿದರು.

ಎರಡು ಸಲ ಆಗಿತ್ತು. ಹ್ಯಾಸ್ಕೆಟ್ಟನಿಗೆ ಆಗ ಅರ್ಥವಾಯಿತು. ಕೂತ್ಕೋ ಅನ್ನುವ ಮಾತಿಗೆ ಆ ಊರಿನಲ್ಲಿ ಕೂರು ಎಂಬ ಅರ್ಥವನ್ನು ಅವನೇ ಉಳಿಸಿರಲಿಲ್ಲ. ಇನ್ನು ಆ ಹುಡುಗನನ್ನು ಕೂರಿಸಬಲ್ಲ ಮಾತು ಒಂದೇ ಇತ್ತು. ನಿನ್ನ ಕತ್ತಿನ ಮೂಳೆ ಬಿರುಕು ಬಿಟ್ಟಿದೆ, ನನಗೆ ಬೆಳಿಗ್ಗೆಯೇ ಗೊತ್ತಿತ್ತು, ನಾನು ಸುಳ್ಳು ಹೇಳಿದೆ. ಇಡೀ ಕ್ರೀಡಾಂಗಣ ಕೇಳುವ ಹಾಗೆ ಅದನ್ನು ಹೇಳಿದರೆ ಸ್ಟ್ರೌಡ್ ಯಾವ ಡಾಕ್ಟರನ್ನು ತಂದರೂ ಉಪಯೋಗವಿಲ್ಲ. ಬಾಯಿ ತೆರೆದ. ಬೆನ್ನ ಮೇಲೆ ಓಡಮನ ಬೆಚ್ಚನೆಯ ಕೈ ಇತ್ತು. ಸದಸ್ಯರೆಲ್ಲ ತಟ್ಟೆ ಹಿಡಿದು ಅವನ ಬಾಯಿಯನ್ನೇ ನೋಡುತ್ತಿದ್ದರು. ಲೊರೇನ್ ಸೂಟ್‌ಕೇಸ್ ಎಳೆದುಕೊಂಡು ಹೊರಟವಳು ಬಾಗಿಲ ಹತ್ತಿರ ನಿಂತುಬಿಟ್ಟಿದ್ದಳು. ನಗದೆ ನೋಡುತ್ತಿದ್ದವಳು ಅವಳೊಬ್ಬಳು. ಹೇಳಿಬಿಡಿ ಅಂತ ಅವಳ ಮುಖವೇ ಹೇಳುತ್ತಿತ್ತು.

ಅವನಿಗೆ ನಾಚಿಕೆಯಾಯಿತು, ಭಯವಾಯಿತು. ಎಪ್ಪತ್ತೊಂದು ವರ್ಷ ಗಳಿಸಿದ ಹೆಸರು ಒಂದು ವಾಕ್ಯಕ್ಕೆ ಹೋಗುತ್ತದಲ್ಲ ಅನ್ನಿಸಿತು. ಆಮೇಲೆ ಹೇಳುತ್ತೇನೆ, ಒಬ್ಬನೇ ಸಿಕ್ಕಾಗ ಹೇಳುತ್ತೇನೆ, ಇನ್ನೂ ನಾಲ್ಕು ವಾರ ಇದೆ ಅಂತ ಅಂದುಕೊಂಡ.

"ಕೂತ್ಕೋ ಮಗಾ," ಅಂದ ಮೂರನೇ ಸಲ.

ಆ ಮಾತಿಗೆ ಇಡೀ ಕ್ರೀಡಾಂಗಣ ಉತ್ತರ ಕೊಟ್ಟಿತು. ಹೋಟೆಲಿನ ಮೊಗಸಾಲೆಯಲ್ಲೂ ಒಂದಿಬ್ಬರು ಸದಸ್ಯರು ನಗುತ್ತ ದನಿಗೂಡಿಸಿದರು. ಲೊರೇನ್ ಸೂಟ್‌ಕೇಸ್ ಎಳೆದುಕೊಂಡು ಹೊರಗೆ ಹೋದಳು. ಪರದೆಯ ಮೇಲೆ ಥೀಯಾ ಕಾಣಲಿಲ್ಲ, ಅವಳು ನಿಂತಿದ್ದ ಜಾಗ ಖಾಲಿಯಿತ್ತು. ಬಲಗಡೆಯ ಜನ ಟೇಟನ ಹೆಸರು ಕೂಗತೊಡಗಿದರು. ಅವನು ಅವರಿಗೆ ಕೈ ಬೀಸಲು ಹೆಜ್ಜೆ ಎತ್ತಿಟ್ಟು, ಇಡೀ ಮೈಯನ್ನು ಮೆಲ್ಲಗೆ ಬಲಕ್ಕೆ ತಿರುಗಿಸಿದ.